ನಡುದೋಣಿಯ ನೀರು – ಏಳನೆಯ ಕಂತು

ಉಂಡೆಯ ಹೊರಮೈ ಒದ್ದೆಯಾಗಿತ್ತು. ಎಎಸ್‌ಐ ಲಕ್ಷ್ಮಿದೇವಮ್ಮ ಅದನ್ನು ಕಿತ್ತಳೆಹಣ್ಣು ಬಿಡಿಸುವ ಹಾಗೆ ಎರಡೂ ಹೆಬ್ಬೆರಳಿನಿಂದ ಬಿಡಿಸಿದರು. ಒಳಗಿನ ತೆಂಗಿನ ನಾರು ಒಲೆಗೆ ಹಾಕಿದರೆ ಭಗ್ಗೆನ್ನುವಷ್ಟು ಒಣಗಿತ್ತು.

ಮೂಸಿ ನೋಡಿದರು. ಕೆಸರಿನ ವಾಸನೆಯಿಲ್ಲ, ಕೊಳೆತ ಎಲೆಯ ವಾಸನೆಯೂ ಇಲ್ಲ. ಅವರಿಗೆ ಸಂತೋಷವೇನೂ ಆಗಲಿಲ್ಲ, ರೇಗಿತು. ಬೆಳಗಿನಿಂದ ಹೊಳೆನರಸೀಪುರದ ಈ ಹಿತ್ತಲಿನಲ್ಲಿ ನಿಂತು ಮೊಣಕಾಲು ನೋಯಿಸಿಕೊಂಡದ್ದು ಈ ನಾರಿಗಾಗಿಯೇ?

ಸೋಮವಾರದ ಮಳೆಯಲ್ಲಿ ಇದೇ ಹಿತ್ತಲಿನಲ್ಲಿ ತಲೆ ಒಡೆದುಕೊಂಡು ಬಿದ್ದಿದ್ದ ಗಂಗಾಂಬಿಕೆ ಹಾಸನದ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಪಕ್ಕದ ಮನೆಯ ಅನುಶ್ರೀ ಬೇಕೆಂದೇ ಪೈಪು ಮುಚ್ಚಿ ನೀರು ಉಕ್ಕಿಸಿದಳು, ಅಮ್ಮ ಅದರಲ್ಲಿ ಜಾರಿದರು ಎಂದು ಮಗ ಗೌರೀಶ ದೂರು ಕೊಟ್ಟಿದ್ದ. ಇವತ್ತು ಬೆಳಿಗ್ಗೆ ಪೊಲೀಸರ ಎದುರಿಗೇ ಪೈಪಿನೊಳಗೆ ತಂತಿ ಬಿಟ್ಟು ಈ ಉಂಡೆಯನ್ನು ಎಳೆದು ತೆಗೆದು, "ನೋಡಿ" ಎಂದಿದ್ದ.

ಸಂಜೆಯೊಳಗೆ ಲಕ್ಷ್ಮಿದೇವಮ್ಮ ವರದಿ ಕೊಡಬೇಕಿತ್ತು. ಎಫ್‌ಐಆರ್ ಆಯಿತೆಂದರೆ ಅನುಶ್ರೀಗೆ ಸಿಕ್ಕಿದ್ದ ಗ್ರಾಮ ಆಡಳಿತಾಧಿಕಾರಿಯ ಕೆಲಸ ಕೈತಪ್ಪುತ್ತದೆ. ಪೊಲೀಸ್ ಪರಿಶೀಲನೆಗೆಂದು ಅವಳ ಕಾಗದ ಬಂದು ಕೂತಿದ್ದುದೂ ಲಕ್ಷ್ಮಿದೇವಮ್ಮನ ಮೇಜಿನ ಮೇಲೆಯೇ. ಇನ್ಸ್‌ಪೆಕ್ಟರು ಮಾತ್ರ ಇದನ್ನು "ನಿಮ್ಮ ಮೋರಿ ಕೇಸು" ಎಂದು ಕರೆದು ನಕ್ಕಿದ್ದರು. ಆ ನಗು ಬೆಳಗಿನಿಂದ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಅವರನ್ನು ಕಾಡುತ್ತಿತ್ತು.

"ಕೂತ್ಕೊಳಿ ಮೇಡಂ," ಎಂದು ಕಾನ್‌ಸ್ಟೇಬಲ್ ಸಿದ್ದೇಶ ಎಲ್ಲಿಂದಲೋ ಒಂದು ಸ್ಟೂಲು ತಂದಿಟ್ಟ. ಅವರು ಕೇಳಿರಲಿಲ್ಲ. ಸ್ಟೂಲಿನ ಒಂದು ಕಾಲು ಗಿಡ್ಡವಾಗಿದ್ದದ್ದನ್ನು ಕಂಡು ಅದರ ಕೆಳಗೆ ಹೆಂಚಿನ ಚೂರನ್ನೂ ಇಟ್ಟಿದ್ದ.

ಲಕ್ಷ್ಮಿದೇವಮ್ಮ ಕೂತು ತಲೆಯೆತ್ತಿ ನೋಡಿದರು.

ಎರಡು ಹೆಂಚಿನ ಮನೆಗಳು, ನಡುವೆ ಒಂದೇ ಗೋಡೆ. ಎರಡೂ ಮನೆಯ ಸೂರು ಆ ಗೋಡೆಯ ಕಡೆಗೇ ಇಳಿಯುತ್ತಿತ್ತು. ಗೋಡೆಯ ತಲೆಯ ಮೇಲೆ ಉದ್ದಕ್ಕೂ ತಗಡಿನ ದೋಣಿ. ಎರಡೂ ಕಡೆಯ ಮಳೆನೀರು ಅದರಲ್ಲಿ ಬಿದ್ದು, ಹಿತ್ತಲಿನ ತುದಿಯಲ್ಲಿ ಒಂದೇ ಪೈಪಿನಿಂದ ಕೆಳಗಿಳಿಯಬೇಕು. ಇತ್ತ ಚನ್ನಪ್ಪನವರ ಮನೆಯವರೂ ಅತ್ತ ಗಂಗಾಂಬಿಕೆಯ ಮನೆಯವರೂ ಅದನ್ನು ನಡುದೋಣಿ ಅನ್ನುತ್ತಿದ್ದರು.

ಅನುಶ್ರೀಯ ತಂದೆ ಚನ್ನಪ್ಪ ಅದರ ಕಟ್ಟಳೆಯನ್ನು ಬೆಳಿಗ್ಗೆಯೇ ಹೇಳಿದ್ದರು. ವರ್ಷಕ್ಕೊಂದು ಮನೆಯ ಸರದಿ. ಕೃತ್ತಿಕಾ ಮಳೆ ಇರುವಾಗಲೇ, ರೋಹಿಣಿ ಹುಟ್ಟುವುದರೊಳಗೆ ಸರದಿಯ ಮನೆಯವರು ಏಣಿ ಹಾಕಿ ದೋಣಿಯ ಎಲೆ, ಮಣ್ಣು ತೆಗೆಯಬೇಕು. ಆಮೇಲೆ ಮೇಲಿಂದ ಒಂದು ಕೊಡ ನೀರು ಹುಯ್ಯಬೇಕು. ಇನ್ನೊಂದು ಮನೆಯವರು ಕೆಳಗೆ ಪೈಪಿನ ಬಾಯಿಯ ಹತ್ತಿರ ನಿಂತು, ನೀರು ಇಳಿದದ್ದನ್ನು ಕಣ್ಣಾರೆ ಕಂಡು "ನೀರು ಬಂತು" ಎಂದು ಕೂಗಬೇಕು. ಆ ಕೂಗು ಬೀಳುವವರೆಗೆ ಸರದಿ ಮುಗಿದ ಹಾಗಲ್ಲ.

ಚನ್ನಪ್ಪನವರ ಹೆಂಡತಿ ಪುಟ್ಟತಾಯಮ್ಮ ಇದ್ದಷ್ಟು ಕಾಲ ಆ ಕೂಗು ಆಕೆಯದು, ಇಲ್ಲವೇ ಗಂಗಾಂಬಿಕೆಯದು. ಕೂಗಿದ ಮೇಲೆ ಇಬ್ಬರೂ ಒಂದೇ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರಂತೆ. ಪುಟ್ಟತಾಯಮ್ಮ ತೀರಿಕೊಂಡರು. ಹೋದ ವರ್ಷ ಗೌರೀಶ ಮನೆಯ ಮೇಲೆ ಒಂದು ತಾರಸಿ ಕೋಣೆ ಕಟ್ಟಿಸಿದ. ಮಾತಿಗೆ ಮಾತು ಬೆಳೆದು ಎರಡು ಮನೆಗಳ ನಡುವೆ ಹೋಗಿಬರುವುದೇ ನಿಂತಿತು.

ಈ ವರ್ಷದ ಸರದಿ ಚನ್ನಪ್ಪನವರದು. ಮಾತು ಬಿಟ್ಟಿದ್ದರೂ ಅವರು ಸರದಿ ಬಿಡಲಿಲ್ಲ. ಹಿಂದಿನ ಹೊಂಗೆ ಮರದ ಎಲೆಯನ್ನೆಲ್ಲ ಬಾಚಿ ತೆಗೆದಿದ್ದರು. ಆ ರಾಶಿ ಇನ್ನೂ ತಿಪ್ಪೆಯ ಪಕ್ಕ ಬಿದ್ದಿತ್ತು. ಆದರೆ ನೀರು ಹುಯ್ದು ನೋಡಲಿಲ್ಲವಂತೆ. ಕೆಳಗೆ ನಿಂತು ಕೂಗುವವರು ಯಾರು?

"ಮಾತಿಲ್ದ ಮನೇರ್ನ ಎಂಗೆ ಕರೆಯಾದು ಅಂತ ಸುಮ್ಕಾದೆ ಕಣಮ್ಮ," ಎಂದಿದ್ದರು ಚನ್ನಪ್ಪ.

ಲಕ್ಷ್ಮಿದೇವಮ್ಮನಿಗೆ ಆಗಲೇ ಹಣೆ ಚಚ್ಚಿಕೊಳ್ಳುವಂತಾಗಿತ್ತು. ಎಲೆ ತೆಗೆದುಬಿಟ್ಟರೆ ದೋಣಿ ಸರಿಹೋಯಿತು ಎಂದೇ ಎಲ್ಲರೂ ತಿಳಿಯುತ್ತಾರೆ. ಅವರ ಯಜಮಾನರೂ ಹಾಗೆಯೇ. ಪ್ರತಿ ವರ್ಷ ಎಲೆ ತೆಗೆದು ಕೈ ತೊಳೆದುಕೊಳ್ಳುತ್ತಾರೆ, ಪ್ರತಿ ವರ್ಷ ನೀರು ಅಡುಗೆಮನೆಯ ಕಿಟಕಿಯಿಂದ ಒಳಗೆ ಬರುತ್ತದೆ, ಪ್ರತಿ ವರ್ಷ ಮಳೆಯನ್ನು ಬೈಯುತ್ತಾರೆ.

ಇನ್ನೊಂದು ವಿಷಯವೂ ಅವರಿಗೆ ಒಗ್ಗುತ್ತಿರಲಿಲ್ಲ. ಗಂಗಾಂಬಿಕೆಗೆ ಪೆಟ್ಟು ಬಿದ್ದಿರುವುದು ನೆತ್ತಿಯ ಮೇಲೆ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು. ಜಾರಿ ಬಿದ್ದವರ ಹಿಂದಲೆಗೆ ಏಟಾಗಬಹುದು, ಸೊಂಟಕ್ಕೆ ಆಗಬಹುದು. ನೆತ್ತಿಗೆ ಹೇಗೆ?

ಅದನ್ನು ಆಮೇಲೆ ನೋಡೋಣವೆಂದು ಬದಿಗಿಟ್ಟು, ನಾರಿನ ಉಂಡೆಯನ್ನು ಕರವಸ್ತ್ರದ ಮೇಲಿಟ್ಟುಕೊಂಡು, "ಗೌರೀಶಪ್ಪ, ಬನ್ನಿ ಇಲ್ಲಿ," ಎಂದರು.

ಗೌರೀಶ ಬಂದ. ಪೇಟೆ ಬೀದಿಯಲ್ಲಿ ಅವನದು ಹಾರ್ಡ್‌ವೇರ್ ಅಂಗಡಿ. ನಲ್ಲಿ, ಪೈಪು, ಸಿಂಕು ಎಲ್ಲ ಮಾರುತ್ತಾನೆ. ಸೋಮವಾರದಿಂದ ಗಡ್ಡ ಕೆರೆದಿರಲಿಲ್ಲ. ಹೆಂಡತಿ ತೇಜಶ್ರೀ ಹಾಸನದಲ್ಲಿ ಅತ್ತೆಯ ಹತ್ತಿರ, ಇವನು ಇಲ್ಲಿ ಒಬ್ಬನೇ. ಅಂಗಿಯ ಗುಂಡಿ ಒಂದು ಕಾಜ ತಪ್ಪಿತ್ತು.

"ಸೋಮವಾರ ಮಳೆ ಎಷ್ಟು ಹೊತ್ತು ಹೊಡೀತು?"

"ಏನ್ ಕೇಳ್ತೀರ ಮೇಡಂ. ಸಂಜೆ ಹಿಡಿದದ್ದು ರಾತ್ರಿವರ್ಗೂ ಬಿಡ್ಲಿಲ್ಲ. ದೋಣಿ ಉಕ್ಕಿ ಹಿತ್ಲೆಲ್ಲ ಕೆರೆ ಆಗಿತ್ತು."

"ಆ ಕೆರೆ ನೀರೆಲ್ಲ ಈ ಉಂಡೆ ಮೇಲೆ ನಿಂತಿತ್ತು ಅನ್ನಿ."

"ಮತ್ತೆ. ಅದಕ್ಕೇ ಅಲ್ವ ಉಕ್ಕಿದ್ದು."

"ಹಂಗಾದ್ರೆ ಇದು ಒಳಗೆ ಯಾಕೆ ಒಣಗೈತೆ?"

ಗೌರೀಶ ಉಂಡೆಯನ್ನು ನೋಡಿದ. "ಎರಡು ದಿನ ಬಿಸಿಲು ಬಂದಿತ್ತಲ್ಲ," ಎಂದ.

"ಬಿಸಿಲು ಪೈಪಿನೊಳಗೆ ಇಳಿದು ಹೊರಗಡೆ ಬಿಟ್ಟು ಒಳಗಡೆ ಮಾತ್ರ ಒಣಗಿಸ್ತಾ?"

ಸಿದ್ದೇಶ ಆ ಕಡೆ ತಿರುಗಿ ಕೆಮ್ಮಿದ. ನಗು ಬಂದಾಗ ಅವನಿಗೆ ಕೆಮ್ಮು ಬರುವುದು ಠಾಣೆಗೆಲ್ಲ ಗೊತ್ತು.

ಹೊರಗಿನ ಒದ್ದೆ ನೆನ್ನೆ ಬಿದ್ದ ತುಂತುರಿನದು ಎಂದು ಲಕ್ಷ್ಮಿದೇವಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ಸೋಮವಾರದ ಮಳೆಯಲ್ಲಿ ಇದು ಪೈಪಿನಲ್ಲಿ ಇದ್ದಿದ್ದರೆ ಮಣ್ಣು ಕುಡಿದು ಸಗಣಿ ಉಂಡೆಯಂತಾಗಿರಬೇಕಿತ್ತು. ಅಂದರೆ ಇದು ಪೈಪಿನೊಳಗೆ ಹೋದದ್ದು ಮಳೆ ನಿಂತ ಮೇಲೆ, ನೆನ್ನೆಯ ತುಂತುರಿಗೆ ಮುಂಚೆ. ಆ ಹೊತ್ತಿಗೆ ಗಂಗಾಂಬಿಕೆ ಆಸ್ಪತ್ರೆ ಸೇರಿಯಾಗಿತ್ತು. ಆಮೇಲೆ ಪೈಪು ಮುಚ್ಚಿ ಅನುಶ್ರೀಗೆ ಏನಾಗಬೇಕು?

ಗೌರೀಶ ಉಂಡೆಯಿಂದ ಕಣ್ಣು ತೆಗೆದು ಪೈಪಿನ ಕಡೆ ತಿರುಗಿದ.

ಅವರು ಪೈಪಿನ ಪಕ್ಕದ ಗೋಡೆಯನ್ನು ತೋರಿಸಿದರು. ದೋಣಿಯ ತುದಿಯಿಂದ ನೆಲದವರೆಗೆ ಒಂದು ಮೊಳದಗಲ ಹಸಿರು ಪಾಚಿ ಇಳಿದಿತ್ತು. ಅಡಿಯಲ್ಲಿ ಒಣಗಿ ಕಪ್ಪಾದ ಹಳೆಯ ಪದರ, ಅದರ ಮೇಲೆ ಹೊಸ ಹಸಿರು. ಒಂದು ಮಳೆಗೆ ಬೆಳೆಯುವ ಪಾಚಿಯಲ್ಲ ಅದು. ಹೋದ ಮಳೆಗಾಲವೆಲ್ಲ ದೋಣಿ ಇಲ್ಲಿಂದಲೇ ಉಕ್ಕಿದೆ.

"ಹೋದ ಮಳೆಗಾಲಕ್ಕೆ ಮುಂಚೆ ಏನು ಕಟ್ಟಿಸಿದಿರಿ?"

"ಮೇಲಿನ ರೂಮು."

"ಅದರ ತಾರಸಿ ನೀರು ಎಲ್ಲಿಗೆ ಬಿಟ್ಟಿದೀರ?"

ಉತ್ತರ ಬೇಕಿರಲಿಲ್ಲ. ಎಲ್ಲರಿಗೂ ಕಾಣುತ್ತಿತ್ತು. ಹೊಸ ಕೋಣೆಯ ತಾರಸಿಯಿಂದ ಹೊರಟ ದಪ್ಪ ಪೈಪು ಸೊಂಡಿಲಿನಂತೆ ಬಗ್ಗಿ ನಡುದೋಣಿಯೊಳಗೆ ಬಾಯಿ ಇಟ್ಟಿತ್ತು. ಇದೇ ಪೈಪಿನ ವಿಷಯಕ್ಕೆ ಚನ್ನಪ್ಪ ಆಕ್ಷೇಪಿಸಿದ್ದು, ಇದರ ಮೇಲೆಯೇ ಮಾತು ಮುರಿದದ್ದು.

ಲಕ್ಷ್ಮಿದೇವಮ್ಮನ ತಾಳ್ಮೆ ತಳ ಕಂಡಿತು.

"ಪೈಪು ಮಾರೋರು ನೀವು. ಬಂದ ಗಿರಾಕಿಗೆ ಎಷ್ಟಗಲದ ಸೂರಿಗೆ ಎಷ್ಟು ದಪ್ಪದ ಪೈಪು ಬೇಕು ಅಂತ ಹೇಳೋರು ನೀವು. ನಿಮ್ಮ ತಾತನ ಕಾಲದಲ್ಲಿ ಹೆಂಚಿನ ನೀರಿಗೆ ಅಂತ ಮಾಡಿಸಿದ ದೋಣಿ ಇದು. ಅದಕ್ಕೆ ತಾರಸಿ ನೀರೂ ತಂದು ಸುರಿದರೆ ಅದು ಎಲ್ಲಿಟ್ಕೊಳ್ಳುತ್ತೆ? ಕೆಳಗೆ ಇಳಿಯೋ ಪೈಪು ಮಾತ್ರ ಅದೇ ಒಂದು, ಅದೂ ಸಣ್ಣದು. ಅದಕ್ಕೆ ತಿರುವಿನ ಬೆಂಡು ಎರಡು ಬೇರೆ."

ಅಷ್ಟರಲ್ಲಿ ಚನ್ನಪ್ಪ ತಮ್ಮ ಮನೆಯ ಬಿದಿರೇಣಿ ತಂದು ಗೋಡೆಗೆ ಒರಗಿಸಿದರು. ನಡುವಿನ ಒಂದು ಮೆಟ್ಟಿಲಿಗೆ ಹೊಸ ಹುರಿ ಬಿಗಿದಿತ್ತು. ಸಿದ್ದೇಶ ಹತ್ತುವಾಗ ಯಾರೂ ಕೇಳದೆಯೇ ಅವರು ಬಂದು ಏಣಿಯ ಎರಡೂ ಕಾಲನ್ನು ಗಟ್ಟಿಯಾಗಿ ಹಿಡಿದು ನಿಂತರು. ಮಗಳ ಮೇಲೆ ಕೇಸು ಹಾಕಲು ಬಂದ ಪೊಲೀಸಿನವನಿಗೆ ಏಣಿ ಹಿಡಿಯುವ ಒಳ್ಳೆಯತನ ಲಕ್ಷ್ಮಿದೇವಮ್ಮನ ಮನಸ್ಸಿಗೆ ತಾಗಿತು.

ಸಿದ್ದೇಶ ಮೇಲಿಂದ ವರದಿ ಒಪ್ಪಿಸತೊಡಗಿದ. ದೋಣಿಯಲ್ಲಿ ಎಲೆ ಇಲ್ಲ. ಆದರೆ ನಟ್ಟನಡುವೆ ತಗಡು ಜಗ್ಗಿದೆ, ಅಲ್ಲಿ ನೆನ್ನೆಯ ನೀರು ಇನ್ನೂ ನಿಂತಿದೆ, ಕೆಳಗೆ ಮಣ್ಣು ಕೂತಿದೆ. "ಬೂಟಿನ ಗುರುತು ಇದ್ದಂಗೈತೆ ಮೇಡಂ, ಯಾರೋ ಇದರ ಮೇಲೆ ಓಡಾಡವ್ರೆ."

"ಯಾರು ಅಂತ ಬೇರೆ ಕೇಳಬೇಕಾ? ರೂಮು ಕಟ್ಟುವಾಗ ಗಾರೆಯವರು ದೋಣಿನೇ ದಾರಿ ಮಾಡ್ಕೊಂಡಿದಾರೆ."

ಗೌರೀಶ ಗೋಡೆಗೆ ಒರಗಿ, ಯಾರ ಮುಖವನ್ನೂ ನೋಡದೆ ಹೇಳಿದ.

"ನಾನ್ ಬಂದಾಗ ಮೇಲಿಂದ ಧೋ ಅಂತ ನೀರು ಸುರೀತಿತ್ತು ಮೇಡಂ. ನಮ್ಮಮ್ಮ ಅದರ ಕೆಳಗೆ ಮಕಾಡೆ ಬಿದ್ದಿದ್ರು. ಇವರೇ ಏನೋ ತುರುಕವ್ರೆ ಅನ್ನಿಸ್ತು. ಮಾರನೇ ದಿನ ಬಂದು ಪೈಪಿಗೆ ತಂತಿ ಬಿಟ್ಟು ನೋಡಿದ್ರೆ ಏನೂ ಇರ್ಲಿಲ್ಲ. ತೆಗೆದ್ಬುಟ್ಟವ್ಳೆ ಅನ್ಕೊಂಡೆ."

"ಅವಳು ತೆಗೆದದ್ದನ್ನ ನೀವು ವಾಪಸ್ ಇಟ್ಟಿರಿ."

"ಹೂಂ. ತಪ್ಪಾಯ್ತು," ಎಂದ.

ಲಕ್ಷ್ಮಿದೇವಮ್ಮನಿಗೆ ಬೈಯಬೇಕೆನಿಸಿತು. ತಪ್ಪು ಗುಂಡಿ ಹಾಕಿದ ಅವನ ಅಂಗಿ ನೋಡಿ ಅರ್ಧ ಬೈಗುಳ ನುಂಗಿಕೊಂಡರು. ಉಳಿದರ್ಧವನ್ನು ಪಾಠವಾಗಿ ಹೇಳಿದರು. ತಾರಸಿಯ ನೀರಿಗೆ ಬೇರೆ ಪೈಪು ಹಾಕಿಸಿ ನೆಲಕ್ಕೆ ಬಿಡಬೇಕು. ಜಗ್ಗಿದ ತಗಡನ್ನು ಎತ್ತಿ ಕೆಳಗೆ ಆಸರೆ ಕೊಟ್ಟು, ನೀರು ನಿಲ್ಲದೆ ಪೈಪಿನ ಕಡೆ ಓಡುವ ಹಾಗೆ ಇಳಿಜಾರು ಮಾಡಿಸಬೇಕು. ಇಳಿಯುವ ಪೈಪನ್ನು ದಪ್ಪದ್ದಕ್ಕೆ ಬದಲಿಸಿ, ಬೆಂಡು ತೆಗೆದು ನೆಟ್ಟಗೆ ಇಳಿಸಬೇಕು. ಹೊಂಗೆ ಎಲೆ ಬೀಳುವ ಕಡೆ ಜಾಲರಿ ಹಾಕಬಹುದು, ಆದರೆ ಜಾಲರಿ ಇದೆ ಎಂದು ಮರೆತು ಕೂರಬಾರದು. ಎಲೆ ಅದರ ಮೇಲೆಯೇ ಕಂಬಳಿಯ ಹಾಗೆ ಕೂತರೆ ನೀರು ದೋಣಿಗೇ ಬೀಳದೆ ಹೊರಗೆ ಹಾರುತ್ತದೆ. ಎಲ್ಲ ಆದ ಮೇಲೆ ಒಂದು ಕೊಡ ನೀರು ಹುಯ್ದು ನೋಡಬೇಕು.

"ಒಂದು ಕೊಡ ನೀರು," ಎಂದು ಮತ್ತೆ ಹೇಳಿದರು. "ಮಾತು ಬಿಟ್ಟು ಕೂತ್ರಿ. ನೀರು ಹುಯ್ಯೋರೂ ಇಲ್ಲ, ನೋಡೋರೂ ಇಲ್ಲ."

ಗೋಡೆಯಾಚೆ ಚನ್ನಪ್ಪನವರ ಹಿಂಬಾಗಿಲಲ್ಲಿ ಅನುಶ್ರೀ ನಿಂತಿದ್ದಳು. ಬೆಳಗಿನಿಂದ ಅಲ್ಲೇ ನಿಂತಿದ್ದಳೋ ಏನೋ. ಸೋಮವಾರ ಚನ್ನರಾಯಪಟ್ಟಣದಲ್ಲಿ ಗೆಳತಿ ರಂಜಿತಾಳ ಮನೆಯಲ್ಲಿದ್ದೆ, ಮಾರನೆಯ ದಿನದ ಬಸ್ಸಿಗೆ ಬಂದೆ ಎಂದು ಹೇಳಿಕೆ ಕೊಟ್ಟಿದ್ದಳು. ಶುಂಠಿ ಬೀಜ ನೋಡಲು ಕೊಣನೂರಿಗೆ ಹೋಗಿದ್ದೆ, ಬಂದದ್ದು ರಾತ್ರಿ ಎಂದು ಚನ್ನಪ್ಪನೂ ಹೇಳಿದ್ದರು.

"ಅನುಶ್ರೀ, ಬಾಮ್ಮ ಇಲ್ಲಿ," ಎಂದು ಕರೆದರು ಲಕ್ಷ್ಮಿದೇವಮ್ಮ. ಹುಡುಗಿಯ ಮುಖದಲ್ಲಿ ಸಮಾಧಾನ ಕಾಣಲೆಂದು ಅವರೇ ಆಸೆಪಟ್ಟಿದ್ದರು. ದೂರು ನಿಲ್ಲುವುದಿಲ್ಲ ಎಂದು ಸಂಜೆ ಬರೆದುಕೊಡುತ್ತೇನೆ, ನಿನ್ನ ಕಾಗದವೂ ನಾಳೆಯೇ ಹೋಗುತ್ತದೆ ಎಂದು ಹೇಳಿದರು.

ಅವಳು ತಲೆಯಾಡಿಸಿದಳು. ಸಮಾಧಾನ ಮಾತ್ರ ಕಾಣಲಿಲ್ಲ. ಕೈಯಲ್ಲಿ ಒಂದು ಬಟ್ಟೆಯ ಗಂಟಿತ್ತು. ಗೌರೀಶನ ಮುಂದೆ ಅದನ್ನು ಹಿಡಿದು, "ಅಜ್ಜೀದು. ಹಿತ್ಲಲ್ಲಿ ಒಣಗಾಕಿದ್ದ ಸಂಡಿಗೆ. ನೆನೀತದೆ ಅಂತ ಎತ್ತಿಟ್ಟಿದ್ದೆ," ಎಂದಳು.

ಗೌರೀಶ ಗಂಟನ್ನು ತೆಗೆದುಕೊಂಡ. ಬಿಚ್ಚಿ ನೋಡಿ ಒಂದು ಸಂಡಿಗೆಯನ್ನು ಬೆರಳಿನಲ್ಲಿ ಮುರಿದ. ಪಟ್ಟೆಂದು ಸದ್ದಾಯಿತು. ಅವನ ಕಣ್ಣು ತುಂಬಿಕೊಂಡಿತು. ವರ್ಷವಾದ ಮೇಲೆ ಮೊದಲ ಸಲ ಆ ಮನೆಯ ಹುಡುಗಿಗೆ, "ಕಾಫಿ ಕುಡೀತೀಯಾ ಅನು," ಎಂದ.

ಮೋರಿ ಕೇಸು ಇಷ್ಟಕ್ಕೇ ಮುಗಿಯಿತಲ್ಲ ಎಂದು ಲಕ್ಷ್ಮಿದೇವಮ್ಮ ಮೊಣಕಾಲು ನೀವಿಕೊಂಡರು. ಆದರೂ ನೀರು ಹುಯ್ದು ನೋಡದೆ ಹೋಗಲು ಅವರಿಗೆ ಮನಸ್ಸಾಗಲಿಲ್ಲ. ಚನ್ನಪ್ಪನವರ ಮನೆಯಿಂದ ಪ್ಲಾಸ್ಟಿಕ್ ಕೊಡದಲ್ಲಿ ನೀರು ಬಂತು. ಸಿದ್ದೇಶ ಅದನ್ನು ಹೆಗಲ ಮೇಲಿಟ್ಟುಕೊಂಡು, ಪೊಲೀಸ್ ಇಲಾಖೆಗೆ ಸೇರುವಾಗ ಇದನ್ನು ಯಾರೂ ಹೇಳಿರಲಿಲ್ಲ ಎಂದು ಗೊಣಗುತ್ತಾ ಮತ್ತೆ ಏಣಿ ಹತ್ತಿದ. ಚನ್ನಪ್ಪ ಮತ್ತೆ ಏಣಿ ಹಿಡಿದರು.

ಆಗ ಗೌರೀಶನ ಫೋನು ಹೊಡೆದುಕೊಂಡಿತು. ಹಾಸನದಿಂದ ತೇಜಶ್ರೀ. ಅವನು ಸ್ಪೀಕರಿಗೆ ಹಾಕಿದ.

"ರೀ, ಅತ್ತೆ ಕಣ್ಣು ಬಿಟ್ರು," ತೇಜಶ್ರೀ ಅಳುತ್ತಿದ್ದಳು, ನಗುತ್ತಲೂ ಇದ್ದಳು. "ಡಾಕ್ಟರು ಗಾಬರಿಯಿಲ್ಲ ಅಂದವ್ರೆ. ಒಂದು ಮಾತೂ ಆಡಿದ್ರು. ಏನ್ ಹೇಳಿದ್ರೋ ನಂಗೆ ಅರ್ಥ ಆಗ್ಲಿಲ್ಲ."

"ಏನಂದ್ರು?"

"'ನೀರು ಬಂತು ಕಣೆ ಅನೂ' ಅಂದ್ರು. ಅಷ್ಟೇ. ಮತ್ತೆ ನಿದ್ದೆ ಹೋದ್ರು."

ಮೇಲೆ ಸಿದ್ದೇಶ ಕೊಡ ಬಗ್ಗಿಸಿದ. ತಗಡಿನ ಮೇಲೆ ನೀರು ಓಡಿದ ಸದ್ದು, ಪೈಪಿನೊಳಗೆ ಗುಳುಗುಳು, ಆಮೇಲೆ ಲಕ್ಷ್ಮಿದೇವಮ್ಮನ ಕಾಲ ಬಳಿಯ ಕಲ್ಲಿನ ಮೇಲೆ ಸಣ್ಣಗೆ ನೀರು ಬಂದು ಬಿತ್ತು. ಯಾರೂ ಕೂಗಲಿಲ್ಲ.

ಪೈಪು ಮುಚ್ಚಿರಲಿಲ್ಲ ಎನ್ನುವುದಕ್ಕೆ ಗಂಗಾಂಬಿಕೆಯ ಮಾತಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಬೀಳುವ ಮುಂಚೆ ಆಡಿದ ಕೊನೆಯ ಮಾತೇ ಇರಬೇಕು ಅದು. ಸೋಮವಾರ, ಮಳೆಗೆ ಮುಂಚೆ, ಆಕೆ ಇದೇ ಕಲ್ಲಿನ ಹತ್ತಿರ ನಿಂತು ನೀರು ಇಳಿದದ್ದನ್ನು ಕಂಡಿದ್ದಾರೆ. ಕಂಡು, ಮೇಲಿದ್ದವರಿಗೆ ಕೂಗಿ ಹೇಳಿದ್ದಾರೆ. ಮೇಲಿದ್ದವರ ಹೆಸರನ್ನೂ ಕೂಗಿದ್ದಾರೆ.

ಲಕ್ಷ್ಮಿದೇವಮ್ಮ ಗೌರೀಶನ ಕೈಯಲ್ಲಿದ್ದ ಗಂಟನ್ನು ನೋಡಿದರು. ಪಟ್ಟೆಂದು ಮುರಿದ ಸಂಡಿಗೆ. ಸೋಮವಾರದ ಮಳೆಯ ಒಂದು ಹನಿಯೂ ಅದಕ್ಕೆ ತಾಗಿಲ್ಲ. ಮಾರನೆಯ ದಿನದ ಬಸ್ಸಿಗೆ ಬಂದವಳು ಅದನ್ನು ಎತ್ತಿಟ್ಟಿದ್ದರೆ ಅಷ್ಟು ಹೊತ್ತಿಗೆ ಅದು ಹಿಟ್ಟಿನ ಅಂಬಲಿಯಾಗಿರುತ್ತಿತ್ತು. ಇಷ್ಟು ಹೊತ್ತೂ ತಾವು ಅದರಲ್ಲಿ ಹುಡುಗಿಯ ಒಳ್ಳೆಯ ಗುಣವನ್ನಷ್ಟೇ ನೋಡಿದ್ದರು. ಒಳ್ಳೆಯ ಗುಣ ಸುಳ್ಳಾಗಿರಲಿಲ್ಲ. ಚನ್ನರಾಯಪಟ್ಟಣ ಸುಳ್ಳಾಗಿತ್ತು.

ಸುಮ್ಮನೆ ಕೇಸು ಮುಗಿಸಲು ಬಿಡುವುದಿಲ್ಲವಲ್ಲ ಈ ಜನ ಎಂದು ಅವರಿಗೆ ಅಳುವಷ್ಟು ಬೇಸರವಾಯಿತು.

"ಅನುಶ್ರೀ," ಎಂದರು, ಮೆತ್ತಗೆ.

ಹುಡುಗಿ ಕಲ್ಲಿನ ಮೇಲೆ ಬೀಳುತ್ತಿದ್ದ ನೀರನ್ನೇ ನೋಡುತ್ತಿದ್ದಳು.

"ಅಜ್ಜೀನೇ ನಂಗೆ ಫೋನ್ ಮಾಡಿ ಕರೆದ್ರು ಮೇಡಂ. ನಿಮ್ಮಮ್ಮ ಇದ್ದಿದ್ರೆ ಹಿಂಗೆ ಬಿಡ್ತಿದ್ಲಾ, ಗಂಡಸ್ರು ಬೇಕಾದ್ರೆ ಮಾತು ಬಿಟ್ಕೊಳ್ಳಲಿ, ನಾವಿಬ್ರೂ ಸರದಿ ಮುಗಿಸಾನ ಬಾ ಅಂದ್ರು. ಮೇಲೆ ಇದ್ದೋಳು ನಾನೇ. ನೀರು ಹುಯ್ದೋಳೂ ನಾನೇ. ಅಜ್ಜಿ ಕೂಗಿದ್ರು. ನಾನು ಹೆಂಚಿನ ಮೇಲಿಂದ ಬಗ್ಗಿ ನಗ್ತಾ ಇದ್ದೆ. ಏಣಿ ಅವರ ಮೇಲೆ ಬಿದ್ದದ್ದು ಆವಾಗ."

ನೆತ್ತಿಯ ಪೆಟ್ಟು, ಹೊಸ ಹುರಿ ಬಿಗಿದ ಮೆಟ್ಟಿಲು, ಎರಡೂ ಒಟ್ಟಿಗೆ ಬಂದು ಲಕ್ಷ್ಮಿದೇವಮ್ಮನ ಮುಂದೆ ನಿಂತವು.

"ಏಣಿ ತಾನೇ ಬಿತ್ತಾ?"

"ಇಲ್ಲ ಮೇಡಂ. ಹಿಡ್ಕೊಂಡಿದ್ರು. ಅಜ್ಜಿ ಕೂಗಿದ್ಮೇಲೆ ಕೈ ಬಿಟ್ರು."

ಯಾರು ಎಂದು ಲಕ್ಷ್ಮಿದೇವಮ್ಮ ಕೇಳುವುದರೊಳಗೆ ಮೇಲಿಂದ ಸಿದ್ದೇಶನ ಸಿಟ್ಟಿನ ದನಿ ಬಂತು.

"ಏಣಿ ಅಲ್ಲಾಡ್ತೈತೆ. ಯಾರ್ರೀ ಬಿಟ್ಟಿದ್ದು?"

ಲಕ್ಷ್ಮಿದೇವಮ್ಮ ತಿರುಗಿದರು. ಚನ್ನಪ್ಪನವರ ಎರಡೂ ಕೈ ಖಾಲಿಯಾಗಿದ್ದವು.